ಕಣ್ಣಿಗೂ ಮೂಗಿಗೂ ಒಂದೇ ಮನೆ

"ಉಸಿರು ಬಿಡ್ರಿ ಮೇಡಂ... ದಯವಿಟ್ಟು ಉಸಿರು ಬಿಡ್ರಿ!"

ರಾಯಚೂರಿನ ಸ್ಟೇಷನ್ ರೋಡಿನಲ್ಲಿ ಒಂದು ಕನ್ನಡಕದ ಅಂಗಡಿ. ಅದರ ಹಿಂದೆ ಕಣ್ಣು ಪರೀಕ್ಷೆ ಮಾಡುವ ಕತ್ತಲೆ ಕೋಣೆ. ಅಲ್ಲಿ ಅಂಗಡಿಯ ಅಮೋಘಸಿದ್ದ ಟಾರ್ಚು ಹಿಡಿದು ನಿಂತಿದ್ದ.

ಎತ್ತರದ ಕುರ್ಚಿಯಲ್ಲಿ ಕೂತ ಹುಡುಗಿ ಎರಡು ನಿಮಿಷದಿಂದ ಉಸಿರಾಡಿರಲಿಲ್ಲ. ಎದೆ ಏರಿರಲಿಲ್ಲ, ಇಳಿದಿರಲಿಲ್ಲ. ಆದರೆ ಕಣ್ಣು ಮಾತ್ರ ಪಿಳಿಪಿಳಿ ಬಿಡುತ್ತಿದ್ದಳು.

ಪಕ್ಕದ ಅಂಗಡಿಯವರನ್ನು ಕೂಗಬೇಕೋ, ಆಟೋ ಕರೆಯಬೇಕೋ ಎಂದು ಅವನು ಬಾಗಿಲ ಕಡೆ ತಿರುಗುವಷ್ಟರಲ್ಲಿ ಅವಳು ಸಾವಕಾಶವಾಗಿ ಉಸಿರು ಬಿಟ್ಟಳು.

"ಯಾಕ್ರಿ, ಏನಾತು?"

"ಏನಾತು ಅಂತ ನನ್ನ ಕೇಳ್ತೀರೇನ್ರಿ? ಜೀವ ಬಾಯಿಗೆ ಬಂದಿತ್ತು ನನಗ."

"ಅಂಜಿಕಿ ಆದ್ರ ನನ್ನ ಉಸಿರು ತಾನ ನಿಂತು ಬಿಡ್ತದ್ರಿ. ರೂಢಿ ಆಗ್ಯದ."

"ಕಣ್ಣು ಪರೀಕ್ಷಿಗೆ ಯಾರರ ಅಂಜ್ತಾರೇನ್ರಿ?"

"ಪರೀಕ್ಷಿಗಲ್ಲ..." ಎಂದವಳು ಉಳಿದ ಮಾತು ನುಂಗಿಕೊಂಡಳು. ಅವನ ಮುಖ ತನ್ನ ಮುಖಕ್ಕೆ ಒಂದು ಗೇಣಿನಷ್ಟು ಹತ್ತಿರ ಬಂದಿತ್ತು ಎಂದು ಬಾಯಿಬಿಟ್ಟು ಹೇಳಲಾದೀತೆ?

'ಥೂ ಚಂದ್ರಿ, ಚಸ್ಮಾ ಮಾಡಿಸಾಕ ಬಂದೀಯೋ, ಚಸ್ಮಾದಾಂವನ್ನ ನೋಡಾಕ ಬಂದೀಯೋ?' ಎಂದು ಒಳಗೊಳಗೇ ಬೈದುಕೊಂಡಳು.

ಚಂದ್ರಕಲಾ ದೇವದುರ್ಗದ ಹತ್ತಿರದ ಹಳ್ಳಿಯ ಕುರಿಗಾರ ಗದ್ದೆಪ್ಪನ ಒಬ್ಬಳೇ ಮಗಳು. ಇಪ್ಪತ್ಮೂರು ವರ್ಷ. ರಾಯಚೂರಿನ ಈಜುಕೊಳದಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಗು ಅದರ ಪಕ್ಕದಲ್ಲೇ.

ಕೋಣೆಯ ದೀಪ ಹಾಕಿದ ಮೇಲೆ ಅವಳು ವಿಷಯಕ್ಕೆ ಬಂದಳು.

"ನನಗ ಸಾದಾ ಚಸ್ಮಾ ಬ್ಯಾಡ್ರಿ. ಐವತ್ತಡಿ ನೀರಾಗ ಕಾಣೋವಂಥದು ಬೇಕು."

"ಐವತ್ತಡಿ ಉದ್ದಕೇನ್ರಿ?"

"ಕೆಳಗ."

ಅಮೋಘಸಿದ್ದ ಸುಮ್ಮನೆ ಕುರ್ಚಿ ಎಳೆದು ಕೂತ. ಪೋತ್ನಾಳದ ಭತ್ತದ ಗದ್ದೆಯವರ ಮಗ ಅವನು. ಏಳನೇ ವಯಸ್ಸಿನಲ್ಲಿ ಕಾಲುವೆಗೆ ಜಾರಿ ಬಿದ್ದು ಬದುಕಿದವನು. ಅಂದಿನಿಂದ ಸ್ನಾನಕ್ಕೆ ನಿಂತರೂ ತಲೆಗೆ ಒಂದೊಂದೇ ತಂಬಿಗೆ ಎಣಿಸಿ ಹಾಕಿಕೊಳ್ಳುವ ಗಿರಾಕಿ. ಅಂಥವನ ಮುಂದೆ ಈ ಹುಡುಗಿ ಐವತ್ತಡಿ ಕೆಳಗೆ ಎನ್ನುತ್ತಿದ್ದಾಳೆ!

ಅವಳು ಹೇಳುತ್ತ ಹೋದಳು. ಸುತ್ತಲ ಹಳ್ಳಿಗಳಲ್ಲಿ ಬಾವಿಗೆ ಕೊಡ ಬೀಳಲಿ, ಕೊರಳ ಸರ ಬೀಳಲಿ, ಪಂಪಿನ ಮೋಟರೇ ಬೀಳಲಿ, ಜನ ಕರೆಯುತ್ತಿದ್ದದ್ದು ಅವಳ ಅಪ್ಪನನ್ನು. ಗದ್ದೆಪ್ಪ ಮೂಗು ಹಿಡಿದು ಬರಿಗಣ್ಣಲ್ಲಿ ಇಳಿದನೆಂದರೆ ಬಿದ್ದದ್ದು ಮೇಲೆ ಬಂದಂತೆಯೇ. ಅವನ ಹಿಂದೆ ಇಳಿದು ಇಳಿದು ಅವಳಿಗೂ ಆ ರುಚಿ ಹತ್ತಿತ್ತು. ಬೆನ್ನಿಗೆ ಸಿಲಿಂಡರ್ ಇಲ್ಲ, ಬಾಯಿಗೆ ನಳಿಕೆ ಇಲ್ಲ, ಒಂದೇ ಉಸಿರು. ಅದಕ್ಕೆ ಈಗ ಫ್ರೀಡೈವಿಂಗ್ ಎನ್ನುತ್ತಾರೆ, ಕಲಿಸಲು ಶಾಲೆಗಳೂ ಇವೆ ಎಂದು ಗೊತ್ತಾದಾಗ ಅವಳು ಕುಣಿದಾಡಿದ್ದಳು.

"ಸಮುದ್ರದ ಕಡೆ ಒಂದು ಶಾಲಿ ಅದ್ರಿ. ಒಬ್ಬ ಹುಡುಗಿಗೆ ಸೀಟು. ಒಂದು ವರ್ಷ ಕಲಿಸ್ತಾರ, ಆಮ್ಯಾಲೆ ಅಲ್ಲೇ ನೌಕರಿ. ಇನ್ನ ನಲವತ್ತು ದಿನಕ್ಕ ವಿಡಿಯೋ ಕಾಲಿನ್ಯಾಗ ಪರೀಕ್ಷಿ. ಐವತ್ತಡಿ ಹಗ್ಗ ಬಿಟ್ಟು ಕೆಳಗ ಒಂದು ತಟ್ಟಿ ಕಟ್ಟಬೇಕು. ಅದರಾಗ ನಂಬರ್ ಬರೆದ ಬಿಲ್ಲಿ ಇರ್ತಾವ. ಅವರು ಹೇಳಿದ ನಂಬರಿಂದ ತರಬೇಕು."

"ನಿಮ್ಮ ಕಣ್ಣು ಮೈನಸ್ ನಾಕು ಅದ."

"ಅದಕ್ಕ ಬಂದೀನಲ್ರಿ! ಬರಿಗಣ್ಣಿಗೆ ತಟ್ಟಿನ ಕಾಣಂಗಿಲ್ಲ, ಇನ್ನ ನಂಬರ್ ಎಲ್ಲಿಂದ ಕಾಣಬೇಕು? ಕಣ್ಣೊಳಗ ಹಾಕೋ ಲೆನ್ಸ್ ತಂದಿದ್ದೆ. ಒಂದು ನೀರಾಗ ತೊಳಕೊಂಡು ಹೋತು, ಇನ್ನೊಂದಕ್ಕ ಕಣ್ಣು ಉರೀತು."

"ಮ್ಯಾಲ ಬಂದು ಬಿಲ್ಲಿ ಕೊಟ್ರ ಆತೇನ್ರಿ?"

"ಇಲ್ರಿ. ಮ್ಯಾಲ ಬಂದು ಹದಿನೈದು ಸೆಕೆಂಡಿನ್ಯಾಗ ಮೂರು ಕೆಲಸ ಮಾಡಬೇಕು. ಮುಖದ ಮ್ಯಾಲಿಂದು ತೆಗೀಬೇಕು. ಹೆಬ್ಬೆಟ್ಟಿಗೆ ಬೆರಳು ಹಿಂಗ ಸುತ್ತಿ ತೋರಿಸಬೇಕು. ಬಾಯಿಬಿಟ್ಟು 'ಆರಾಮ ಅದೀನಿ' ಅನ್ನಬೇಕು. ಉಸಿರು ಕಟ್ಟಿದಾಗ ಬುದ್ಧಿ ಜಾಗಾದಾಗ ಅದನೋ ಇಲ್ಲೋ ಅಂತ ಗೊತ್ತಾಗಬೇಕಲ್ರಿ."

ಅವಳು ಬೆರಳು ಸುತ್ತಿ ತೋರಿಸಿದಾಗ ಅಮೋಘಸಿದ್ದ ನೋಡಿದ್ದು ಬೆರಳನ್ನಲ್ಲ. ಅವಳ ಮೂಗನ್ನು. ಬಲಗಡೆ ಮೂಗುಬಟ್ಟಿನ ಸುತ್ತ ಚರ್ಮ ಕೆಂಪಗೆ ಕಿತ್ತುಹೋಗಿತ್ತು.

"ಇದೇನಾಗ್ಯದ್ರಿ?"

"ಬಟ್ಟಿ ಒಣಹಾಕೋ ಕ್ಲಿಪ್ಪು. ಮೂಗಿಗೆ ಹಾಕ್ಕೊಂಡ್ರ ನೀರು ಹೋಗಂಗಿಲ್ಲ, ಎರಡೂ ಕೈ ಖಾಲಿ ಇರ್ತಾವ."

"ಮೂಗುಬಟ್ಟು ತೆಗೆದು ಹಾಕ್ಕೋಬೇಕಲ್ರಿ."

"ಅದನ್ನ ತೆಗೆಯಂಗಿಲ್ಲ." ದನಿ ತಟ್ಟನೆ ಗಟ್ಟಿಯಾಯಿತು, ಮರುಕ್ಷಣ ಮೆತ್ತಗಾಯಿತು. "ನಮ್ಮವ್ವ ಬೂದೆಮ್ಮಂದು. ತೀರಿ ಹೋಗೋ ಮುಂದ ತನ್ನ ಮೂಗಿಂದ ತೆಗೆದು ನನಗ ಇಟ್ಟಾಳ."

ಅವಳ ಕಣ್ಣಿನ ನಂಬರ್ ಬರೆದಿದ್ದ ಕಾರ್ಡಿನ ಕೆಳಗೆ ಅವನು ಮತ್ತೇನೋ ಒಂದು ಸಾಲು ಬರೆದುಕೊಂಡ.

"ಹದಿನೈದು ದಿನ ಕೊಡ್ರಿ," ಎಂದ. "ನಾನು ಮಾಡಿ ಕೊಡ್ತೀನಿ."

* * *

ಆ ಹದಿನೈದು ದಿನ ಹೇಗೆ ಕಳೆದವೋ ಇಬ್ಬರಿಗೂ ತಿಳಿಯಲಿಲ್ಲ.

ಅಮೋಘಸಿದ್ದ ಒಳ್ಳೆ ಈಜು ಗಾಗಲ್ ತರಿಸಿದ. ಅದರ ಗಾಜು ತೆಗೆದು ಅವಳ ನಂಬರಿನ ಗಾಜು ಉಜ್ಜಿ ಕೂಡಿಸಿದ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಬೇಕೆಂದು ಒಮ್ಮೆ ಕರೆದ. ಮರುದಿನ ಮತ್ತೆ ಅಳೆಯಬೇಕು ಎಂದ. ಮೂರನೇ ದಿನವೂ ಅದೇ ಮಾತು!

"ನನ್ನ ಕಣ್ಣು ದಿನಾ ಜಾಗ ಬದಲಿ ಮಾಡ್ತಾವೇನ್ರಿ?" ಎಂದು ಅವಳು ಕೇಳಿದಾಗ ಅವನ ಕಿವಿ ಕೆಂಪಾಯಿತು. ಅವಳು ನಗು ತಡೆಯಲು ಉಸಿರು ಹಿಡಿದಳು. ಅವನು ಗೋಡೆಯ ಗಡಿಯಾರ ನೋಡಿದ.

"ಇಪ್ಪತ್ತು ಸೆಕೆಂಡ್ ಆತು. ಬಿಡ್ರಿ ಈಗ."

ಸಂಜೆ ಅವನು ಈಜುಕೊಳದ ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದ. ಅದು ಹೆಣ್ಣುಮಕ್ಕಳ ಹೊತ್ತು, ಗಂಡಸರಿಗೆ ಪ್ರವೇಶವಿಲ್ಲ. ಒಳಗೆ ಚಂದ್ರಿ ಗಾಗಲ್ ಹಾಕಿ ಮುಳುಗಿ ನೋಡಿ ಬಂದು ಹೇಳಬೇಕು, ಎಲ್ಲಿ ಸೋರಿತು, ಎಲ್ಲಿ ಒತ್ತಿತು ಎಂದು. ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ರಬ್ಬರು ಕೆತ್ತುತ್ತಿದ್ದ.

ಕೊಳದ ಹೆಣ್ಣುಮಕ್ಕಳ ಪಾಳಿ ನೋಡಿಕೊಳ್ಳುವವಳು ಹೀರಾಬಿ. ಐವತ್ತರ ಗಟ್ಟಿ ಹೆಂಗಸು, ನೀರಿನಿಂದ ಎಷ್ಟೋ ಜನರನ್ನು ಎಳೆದು ಹಾಕಿದವಳು. ಚಂದ್ರಿ ಇರುವುದು ಅವಳ ಮನೆಯ ಮಾಳಿಗೆ ಕೋಣೆಯಲ್ಲೇ.

"ಅರೆ ಬೇಟಿ, ಗಾಗಲ್ ಸೋರಾಕತ್ತದೋ, ನೀನ ಬೇಕಂತ ಸೋರಸಾಕತ್ತೀಯೋ?"

"ಖರೇನ ಸೋರ್ತದ ಖಾಲಾ."

"ಹೂಂ, ಹೂಂ. ಸೋರಲಿ, ಸೋರಲಿ. ಅಂವಾ ದಿನಾ ಬರಲಿ."

ಹನ್ನೆರಡನೇ ದಿನ ಗಾಗಲ್ ಒಂದು ಹನಿಯೂ ಸೋರಲಿಲ್ಲ. ಕೊಳದ ಎಂಟಡಿ ತಳದಲ್ಲಿ ಮಲಗಿ ಚಂದ್ರಿ ಹೆಂಚಿನ ಸಂದುಗಳನ್ನು ಎಣಿಸಿದಳು. ಎಲ್ಲವೂ ಗೆರೆ ಕೊರೆದಂತೆ ಸ್ಪಷ್ಟ! ಮೇಲೆ ಬಂದವಳೇ ಒದ್ದೆ ಮೈಯಲ್ಲೇ ಗೇಟಿಗೆ ಓಡಿದಳು.

"ಕಾಣಾಕತ್ತದ್ರಿ... ಎಲ್ಲಾ ಕಾಣಾಕತ್ತದ!"

ಅವನು ನಕ್ಕ. ಆ ನಗು ಅವಳಿಗೆ ಹೆಂಚಿನ ಸಂದಿಗಿಂತ ಸ್ಪಷ್ಟವಾಗಿ ಕಂಡಿತು.

* * *

ಹದಿನೆಂಟನೇ ದಿನ ದೇವದುರ್ಗದ ಆಚೆಯ ಹಳೇ ಕಲ್ಲಿನ ಕ್ವಾರಿ. ಕಲ್ಲು ತೆಗೆದು ಬಿಟ್ಟ ಗುಂಡಿಯಲ್ಲಿ ಅರವತ್ತಡಿ ತಿಳಿನೀರು. ದಂಡೆಯಲ್ಲಿ ಗದ್ದೆಪ್ಪ ಹಗ್ಗ ಹಿಡಿದು ನಿಂತಿದ್ದ. ಮಾತು ಕಮ್ಮಿ, ಲಕ್ಷ್ಯ ಜಾಸ್ತಿ.

"ನಲವತ್ತಕ್ಕ ನಿಂದ್ರು ಯವ್ವಾ. ಇವತ್ತ ಅಷ್ಟ ಸಾಕು."

ಚಂದ್ರಿ ಮೂಗಿಗೆ ಕ್ಲಿಪ್ಪು ಹಾಕಿ, ಗಾಗಲ್ ಬಿಗಿದು, ಹಗ್ಗದ ಗುಂಟ ತಲೆಕೆಳಗಾಗಿ ಇಳಿದಳು. ಹತ್ತಡಿ... ಇಪ್ಪತ್ತಡಿ... ಹಗ್ಗದ ಎಳೆ ಎಳೆಯೂ ಕಾಣುತ್ತಿತ್ತು. ಎಂಥ ಖುಷಿ!

ಇಪ್ಪತ್ತೈದಕ್ಕೆ ಕಣ್ಣಿನ ಸುತ್ತ ಏನೋ ಹಿಡಿದಂತಾಯಿತು. ಮೂವತ್ತಕ್ಕೆ ಯಾರೋ ಕಣ್ಣಿಗೆ ಬಾಯಿಟ್ಟು ಹೀರುತ್ತಿದ್ದಾರೆ ಅನ್ನಿಸಿತು. ಗಾಗಲ್ ಮುಖದೊಳಗೆ ಇಳಿಯುತ್ತಿತ್ತು. 'ಸಿದ್ದು ಮಾಡ್ಯಾನ... ಸರಿ ಇರ್ತದ... ಇನ್ನೊಂದೀಟು...' ಎಂದು ಅವಳು ಹಲ್ಲು ಕಚ್ಚಿ ನಲವತ್ತು ಮುಟ್ಟಿ ತಿರುಗಿದಳು.

ಮೇಲೆ ಬಂದು ಗಾಗಲ್ ಕಿತ್ತಾಗ ಗದ್ದೆಪ್ಪನ ಕೈಯಿಂದ ಹಗ್ಗ ಜಾರಿತು.

"ಯವ್ವಾ... ಕಣ್ಣಾಗ ರಗತ."

ಫೋನಿನಲ್ಲಿ ಮುಖ ನೋಡಿಕೊಂಡಳು. ಎರಡೂ ಕಣ್ಣಿನ ಬಿಳಿ ಭಾಗ ಪೂರಾ ಕೆಂಪು. ಸುತ್ತ ನೀಲಿ ಉಂಗುರ.

ರಾಯಚೂರಿನ ಕಣ್ಣಿನ ಡಾಕ್ಟರು ನೋಡಿ, ಸಣ್ಣ ರಕ್ತನಾಳಗಳು ಒಡೆದಿವೆ, ದೃಷ್ಟಿಗೆ ಏನೂ ಆಗಿಲ್ಲ, ಎರಡು ವಾರ ನೀರಿಗೆ ಇಳಿಯಬೇಡ ಎಂದರು. ಅಲ್ಲಿಂದ ಅವಳು ನೆಟ್ಟಗೆ ಕನ್ನಡಕದ ಅಂಗಡಿಗೆ ನಡೆದಳು. ಬೈಯಲಿಕ್ಕಲ್ಲ. ಅವನು ಒಂದು ಮಾತು ಹೇಳಲಿ, ಅಷ್ಟೇ ಸಾಕು ಎಂದು.

ಅಮೋಘಸಿದ್ದ ಅವಳ ಕಣ್ಣು ನೋಡಿದ. ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಕೈ ಚಾಚಿ, "ಗಾಗಲ್ ವಾಪಸ್ ಕೊಡ್ರಿ" ಎಂದ.

ಕೊಟ್ಟಳು.

"ನೀರಿಗೆ ಇಳೀಬ್ಯಾಡ್ರಿ ಇನ್ನ."

"ಎಷ್ಟು ದಿನ?"

"ಗೊತ್ತಿಲ್ರಿ."

"ಗೊತ್ತಿಲ್ಲ? ನನ್ನ ಪರೀಕ್ಷಿಗೆ ಇಪ್ಪತ್ತೆರಡು ದಿನ ಉಳಿದಾವ. ಇದೊಂದ ಮಾತೇನ್ರಿ ನಿಮ್ಮ ಬಾಯಾಗ ಇರೋದು?"

ತಪ್ಪಾಯಿತು ಎಂಬ ನಾಲ್ಕು ಅಕ್ಷರ ಎಷ್ಟು ಒದ್ದಾಡಿದರೂ ಅವನ ಬಾಯಿಂದ ಹೊರಬರಲಿಲ್ಲ. ಬೇಕಾದ ಹೊತ್ತಿಗೆ ನಾಲಿಗೆ ಕೈಕೊಡುವುದು ಕೆಲವು ಗಂಡಸರ ಹಣೆಬರಹ, ಏನು ಮಾಡುವುದು!

ಚಂದ್ರಿ ಒಂದು ಗಳಿಗೆ ಕಾದಳು. ಆಮೇಲೆ ತಿರುಗಿ ಹೊರಟುಬಿಟ್ಟಳು. ಆಟೋದಲ್ಲಿ ಕೂತ ಮೇಲೆ ಕಣ್ಣೀರು ಬಂತು, ಕೆಂಪು ಕಣ್ಣಿಗೆ ಅದೂ ಉರಿಯಿತು.

ಮೂರನೇ ದಿನ ಅಪ್ಪನ ಫೋನು ಬಂತು.

"ಯವ್ವಾ, ಆ ಚಸ್ಮಾದ ಹುಡುಗ ಊರಿಗೆ ಬಂದಿದ್ದ. ನಿನ್ನ ನೀರಿಗೆ ಬಿಡಬ್ಯಾಡ ಅಂದ..."

ಮುಂದಿನ ಮಾತು ಅವಳಿಗೆ ಬೇಕಿರಲಿಲ್ಲ. ಫೋನ್ ಕಟ್ ಮಾಡಿ ಹಾಸಿಗೆಗೆ ಎಸೆದಳು. 'ನನ್ನ ಕಣ್ಣು ಕೆಡಿಸಿದ್ದಲ್ಲದ ನನ್ನ ದಾರೀನೂ ಮುಚ್ಚಾಕತ್ತಾನ! ಇವನೂ ಎಲ್ಲಾರಂಗ... ಹೆಣ್ಣು ಹುಡುಗಿ ದಂಡ್ಯಾಗ ಕುಂದರಬೇಕು ಅನ್ನಾಂವ.'

ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಮಾಡಿದ ಮೇಲೆ ಫೋನ್ ಬಂತೇ ಎಂದು ದಿನಕ್ಕೆ ಹತ್ತು ಸಲ ನೋಡಿದಳು. ಬ್ಲಾಕ್ ಮಾಡಿದ ನಂಬರಿನಿಂದ ಕರೆ ಎಲ್ಲಿಂದ ಬರಬೇಕು?

* * *

ಕಣ್ಣಿನ ಕೆಂಪು ದಿನದಿಂದ ದಿನಕ್ಕೆ ಕರಗಿತು. ಎದೆಯೊಳಗಿನದು ಕರಗಲಿಲ್ಲ.

ಪರೀಕ್ಷೆಗೆ ಎಂಟು ದಿನ ಇದ್ದಾಗ ಡಾಕ್ಟರು, ಕಣ್ಣು ಪೂರಾ ಸರಿಯಾಗಿದೆ, ಇಳಿಯಬಹುದು ಎಂದರು. ಇಳಿಯುವುದು ಸರಿ, ಏನು ಹಾಕಿಕೊಂಡು ಇಳಿಯುವುದು? ಕ್ಲಿಪ್ಪು ಹಾಕಿ ಬರಿಗಣ್ಣಲ್ಲಿ ಇಳಿದರೆ ನಂಬರ್ ಕಾಣದು. ಗಾಗಲ್ ಅವನ ಹತ್ತಿರ ಇದೆ. ಅದೇ ಗಾಗಲನ್ನು ಸ್ವಲ್ಪ ಸಡಿಲ ಬಿಟ್ಟು ಹಾಕಿಕೊಂಡರೆ ಹೇಗೆ? ಏನೇ ಆಗಲಿ, ಸೀಟು ಬಿಡುವ ಮಾತೇ ಇಲ್ಲ.

ಅಂಗಡಿಗೆ ಹೋದಳು. ಬೀಗ. ಬಾಗಿಲಿಗೆ ಒಂದು ಚೀಟಿ: 'ಪೋತ್ನಾಳಕ್ಕೆ ಹೋಗಿದ್ದೇನೆ.'

"ಹತ್ತು ದಿನ ಆತು ಹೋಗಿ," ಎಂದ ಪಕ್ಕದ ಅಂಗಡಿಯವನು.

ಹತ್ತು ದಿನ! ನನ್ನ ಕನಸು ಮೂಲೆಗೆ ಹಾಕಿ ಊರಲ್ಲಿ ಹಾಯಾಗಿದ್ದಾನಾ? ಮಾನ್ವಿ ದಾರಿಯ ಬಸ್ಸು ಹತ್ತಿ ಪೋತ್ನಾಳದಲ್ಲಿ ಇಳಿಯುವವರೆಗೆ ಅವಳು ಮನಸ್ಸಿನಲ್ಲೇ ಅವನನ್ನು ನಲವತ್ತು ಬಗೆಯಲ್ಲಿ ಬೈದಿದ್ದಳು.

ಚಹದಂಗಡಿಯಲ್ಲಿ ದಾರಿ ಕೇಳಿದಳು. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

"ಸಿದ್ದು ಏನ್ರಿ? ಗದ್ದಿ ಬಾವ್ಯಾಗ ಅದಾನ್ರಿ. ದಿನಾ ಅಲ್ಲೇ ಇರ್ತಾನ. ಹೋಗಿ ನೋಡ್ರಿ, ನೋಡೋವಂಗ ಅದ."

ಭತ್ತದ ಗದ್ದೆಯ ಬದುವಿನ ಮೇಲೆ ದಾಪುಗಾಲು ಹಾಕಿ ಹೋದಳು. ದೊಡ್ಡ ಮೆಟ್ಟಿಲ ಬಾವಿ. ದಂಡೆಯ ಕಲ್ಲಿನ ಮೇಲೆ ಹಗ್ಗ ಹಿಡಿದು, ಬೀಡಿ ಕಚ್ಚಿ ಕೂತಿದ್ದವನನ್ನು ನೋಡಿ ಅವಳ ಕಾಲು ನೆಲಕ್ಕೆ ಕಚ್ಚಿಕೊಂಡವು.

"ಯಪ್ಪಾ?"

ಗದ್ದೆಪ್ಪ ತಿರುಗಿ ನೋಡಿ, ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದ. "ಕಲ್ಲು ಹಿಡಕೊಂಡು ಕೆಳಗ ಅದಾನ. ಎಣಸಾಕತ್ತೀನಿ."

ಹಗ್ಗದ ಇನ್ನೊಂದು ತುದಿ ನೀರೊಳಗೆ ಹೋಗಿತ್ತು. ನೀರು ಕಲಕಿತು, ಗುಳ್ಳೆ ಎದ್ದವು. ಕೆಮ್ಮುತ್ತ, ಕೈಕಾಲು ಬಡಿಯುತ್ತ, ಈಜು ಕಲಿಯುವ ಮಕ್ಕಳಂತೆ ಬೆನ್ನಿಗೆ ಬೆಂಡು ಕಟ್ಟಿಕೊಂಡು ಮೇಲೆ ಬಂದವನು ಅಮೋಘಸಿದ್ದ. ಮೆಟ್ಟಿಲು ತಬ್ಬಿ ಹಿಡಿದು ಮುಖಕ್ಕೆ ಹಾಕಿದ್ದನ್ನು ತೆಗೆದ.

ಕಣ್ಣಿನ ಸುತ್ತ ನೀಲಿ ಉಂಗುರದ ಗುರುತು. ಕಣ್ಣಿನ ಮೂಲೆಗಳಲ್ಲಿ ಮಾಸುತ್ತಿರುವ ಕೆಂಪು. ಮತ್ತೆ ಬಲಗಡೆ ಮೂಗಿನ ಮೇಲೆ ಒತ್ತಿ ಕೂಡಿಸಿದ ಒಂದು ಥಳಥಳ ಮೂಗುಬಟ್ಟು!

ಅವಳು ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳೆಲ್ಲ ಎಲ್ಲಿ ಹೋದವೋ.

"ನೀವು... ನಿಮಗ ನೀರಂದ್ರ ಅಂಜಿಕಿ ಅಲ್ಲೇನ್ರಿ?"

"ಇನ್ನೂ ಅದ," ಎಂದ ಅವನು, ಹಲ್ಲು ಕಟಕಟ ಎನ್ನುತ್ತಿತ್ತು. ಮೂಗಿನ ಮೇಲಿನದು ನೆನಪಾಗಿ ತಟ್ಟನೆ ಕೈಯಿಂದ ಮುಚ್ಚಿಕೊಂಡ.

ಚಂದ್ರಿ ಅಪ್ಪನ ಕಡೆ ತಿರುಗಿದಳು. "ಯಪ್ಪಾ, ಇವ್ರು ನನ್ನ ನೀರಿಗೆ ಬಿಡಬ್ಯಾಡ ಅಂದ್ರು ಅಂದಿ."

"ಹೂಂ, ಅಂದ. ತಪ್ಪು ಎಲ್ಲಿ ಆಗ್ಯದಂತ ತಾ ಇಳಿದು ನೋಡೋತನ ಬಿಡಬ್ಯಾಡ ಅಂದ. ತನಗ ಮುಳುಗೋದು ಕಲಿಸು ಕಾಕಾ ಅಂತ ಕಾಲು ಹಿಡಿದ."

"ಅದನ್ನ ಯಾಕ ಹೇಳ್ಲಿಲ್ಲ?"

"ನೀ ಫೋನ್ ಇಟ್ಟಿ," ಎಂದ ಗದ್ದೆಪ್ಪ, ಬೀಡಿಯ ಬೂದಿ ಕೊಡವಿ.

ಚಂದ್ರಿಗೆ ಭೂಮಿ ಬಾಯಿ ತೆರೆಯಲಿ ಅನ್ನಿಸಿತು. ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕುಸಿದು ಕೂತಳು.

"ಮೊದಲು ಒಂದು ಖಾಲಿ ನೀರಿನ ಬಾಟ್ಲಿ ಮುಚ್ಚಿ, ಕಲ್ಲು ಕಟ್ಟಿ ಇಳಿಸಿದ್ದೆ," ಎಂದು ಅಮೋಘಸಿದ್ದ ಮೆಲ್ಲಗೆ ಶುರು ಮಾಡಿದ. "ಅದರ ಹಿಂದ ನಿಮ್ಮ ಗಾಗಲ್ ಹಾಕ್ಕೊಂಡು ನಾನೂ ಇಳಿದು ನೋಡಿದೆ. ಹದಿನೈದಡಿಗೇನ ಬಾಟ್ಲಿ ಹೊಟ್ಟಿ ಒಳಗ ಹೋಗಿತ್ರಿ. ನೀರು ಒಳಗಿನ ಗಾಳೀನ ಹಿಂಡ್ತದ. ಗಾಗಲ್ಲಿನ್ಯಾಗೂ ಗಾಳಿ ಅದಲ್ಲ. ಅದು ಸಣ್ಣದಾದಂಗ ಖಾಲಿ ಜಾಗ ತುಂಬಾಕ ಕಣ್ಣ ಎಳೀತದ. ಒಂದು ಹನಿ ಸೋರಬಾರದಂತ ನಾನ ಅಷ್ಟು ಬಿಗಿ ಮಾಡಿದ್ದೆ. ನನ್ನ ಬಿಗೀನ ನಿಮ್ಮ ಕಣ್ಣು ಕೆಡಿಸ್ತು."

"ಎಂಟಡಿ ಕೊಳದಾಗ ಏನೂ ಆಗಿದ್ದಿಲ್ಲ..."

"ಅಷ್ಟಕ್ಕ ತಿಳಿಯಂಗಿಲ್ರಿ. ಕಿವಿಗೆ ನೀವು ಮೂಗು ಮುಚ್ಚಿ ಒಳಗಿಂದ ಗಾಳಿ ಒತ್ತಿ ಕೊಡ್ತೀರಿ. ಕಣ್ಣಿಗೆ ಕೊಡೋರು ಯಾರು? ಮೂಗು ಹೊರಗ ಉಳಿದಿತ್ತು. ಚಸ್ಮಾದಾಂವಗ ಮೂಗು ಅಂದ್ರ ಚಸ್ಮಾ ಕೂಡಿಸೋ ಕಟ್ಟಿ, ಅಷ್ಟ. ನಾ ಕಣ್ಣೊಂದ ನೋಡಿದೆ. ಮೂಗು ನೋಡ್ಲಿಲ್ಲ."

ಅವನು ಮೆಟ್ಟಿಲ ಮೇಲಿದ್ದ ಚೀಲ ತೆರೆದ. ಒಳಗೆ ಮೂರು ಬಗೆಯ ನೀರಿನ ಮಾಸ್ಕುಗಳು. ಅಗಲ ಗಾಜಿನದೊಂದನ್ನು ತೆಗೆದು ಪಕ್ಕಕ್ಕಿಟ್ಟ. "ಇದು ಮೂಗೂ ಮುಚ್ಚತದ, ಖರೆ. ಆದ್ರ ಒಳಗ ಜಾಗ ಭಾಳ. ತುಂಬಾಕ ನಿಮ್ಮ ಉಸಿರೆಲ್ಲಾ ಇದಕ್ಕ ಹೋಗತದ." ಇನ್ನೊಂದರ ರಬ್ಬರು ಬಿರುಸು, ಕೆನ್ನೆಗೆ ಕೂರದು. ಮತ್ತೊಂದರ ಮೂಗಿನ ಗೂಡು ಇಕ್ಕಟ್ಟು.

ಕಡೆಗೆ ತಾನು ಹಾಕಿಕೊಂಡಿದ್ದನ್ನು ಅವಳ ಕೈಗಿಟ್ಟ. ಕಣ್ಣಿಗೆ ತೀರ ಹತ್ತಿರ ಕೂರುವ ಸಣ್ಣ ಕಪ್ಪು ಮಾಸ್ಕು. ಮೂಗಿಗೆ ಮೆತ್ತನೆಯ ರಬ್ಬರಿನ ಗೂಡು. ಗಾಜಿನ ಒಳಗೆ ಅವಳ ನಂಬರಿನ ಗಾಜು ಆಗಲೇ ಕೂತಿತ್ತು.

"ಹೊರಗಿಂದ ಮೂಗು ಒತ್ತಿದ್ರ ಕಿವಿಗೆ ಗಾಳಿ. ಮೂಗಿಲೆ ಒಂದೀಟು ಉಸಿರು ಬಿಟ್ರ ಕಣ್ಣಿಗೆ ಗಾಳಿ. ಕ್ಲಿಪ್ಪಿನ ಕೆಲಸ ಇಲ್ಲ. ಕಣ್ಣಿಗೂ ಮೂಗಿಗೂ ಒಂದ ಮನಿ ಇರಬೇಕ್ರಿ. ಬ್ಯಾರೆ ಬ್ಯಾರೆ ಇದ್ರ ಎರಡಕ್ಕೂ ತ್ರಾಸ." ತಡೆದು ಹೇಳಿದ, "ಮತ್ತ... ಇದರಾಗ ಮೂಗುಬಟ್ಟು ತೆಗೀಬೇಕಾಗಿಲ್ಲ. ನಾ ಹಾಕ್ಕೊಂಡ ನೋಡೀನಿ. ಒತ್ತಂಗಿಲ್ಲ."

ಚೀಲದ ತಳದಲ್ಲಿ ನೆನೆದು ಮೆತ್ತಗಾದ ಒಂದು ಕಾರ್ಡು ಇತ್ತು. ಅವಳ ಕಣ್ಣಿನ ನಂಬರು, ಅದರ ಕೆಳಗೆ ಅಂದು ಬರೆದುಕೊಂಡಿದ್ದ ಸಾಲು: 'ಮೂಗುಬಟ್ಟು ಬಲಗಡೆ. ಅವರ ತಾಯಿದು. ತೆಗೆಯಬಾರದು.'

ಚಂದ್ರಿ ಅದನ್ನು ಎರಡು ಸಲ ಓದಿದಳು. ಎಂಥೆಂಥ ಆಳಕ್ಕೆ ಇಳಿದಾಗಲೂ ಆಗದ ಭಾರ ಎದೆಯಲ್ಲಿ ಆಯಿತು.

"ತಪ್ಪಾತ್ರಿ," ಎಂದ ಅವನು ಕಡೆಗೂ. "ಅವತ್ತ ಹೇಳಬೇಕಿತ್ತು. ನಿಮ್ಮ ಕಣ್ಣು ನೋಡಿ ಬಾಯಿ ಕಟ್ಟಿತ್ತು."

"ನಂದೂ ತಪ್ಪದ," ಎಂದಳು ಅವಳು. "ನಾನು ಫೋನ್ ಇಟ್ಟೆ."

ಮಾಸ್ಕಿನ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದಳು. ಕೈ ಬಿಟ್ಟರೂ ಅದು ಬೀಳಲಿಲ್ಲ. ಅವಳ ಮುಖ ನೋಡಿಯೇ ಮಾಡಿದಂತೆ ಕೂತುಬಿಟ್ಟಿತ್ತು. ಒಳಗೆ ಅವಳು ಅಳುತ್ತಿದ್ದುದು ಹೊರಗೆ ಯಾರಿಗೂ ಕಾಣಲಿಲ್ಲ, ಗದ್ದೆಪ್ಪನೊಬ್ಬನನ್ನು ಬಿಟ್ಟು.

* * *

ನಲವತ್ತನೇ ದಿನ, ಬೆಳಗಿನ ಹತ್ತು ಗಂಟೆ. ಕ್ವಾರಿಯ ನೀರಿನ ಮೇಲೆ ಬಿಸಿಲು.

ಹೀರಾಬಿ ಗಾಳಿ ತುಂಬಿದ ಟ್ಯೂಬಿನಲ್ಲಿ ಕೂತು ಫೋನ್ ಹಿಡಿದಿದ್ದಳು. ಗದ್ದೆಪ್ಪ ನೀರಲ್ಲಿದ್ದ, ಮಗಳು ಮೇಲೆ ಬರುವಾಗ ಅರ್ಧ ದಾರಿಗೆ ಇಳಿದು ಜೊತೆಯಾಗಲು. ಅಮೋಘಸಿದ್ದ ದಂಡೆಯ ಕೊನೆಯ ಕಲ್ಲಿನ ಮೇಲೆ, ಮೊಣಕಾಲುದ್ದ ನೀರಲ್ಲಿ ನಿಂತಿದ್ದ.

ಫೋನಿನಿಂದ ಶಾಲೆಯವರ ದನಿ ಬಂತು. "ನಂಬರ್ ಏಳು."

ಚಂದ್ರಿ ಎದೆ ತುಂಬ ಉಸಿರೆಳೆದುಕೊಂಡು ಮುಳುಗಿದಳು.

ಹತ್ತಡಿ. ಮೂಗು ಒತ್ತಿದಳು, ಕಿವಿ ತೆರೆಯಿತು. ಇಪ್ಪತ್ತು. ಮೂಗಿನಿಂದ ಒಂದಿಷ್ಟು ಉಸಿರು ಬಿಟ್ಟಳು, ಮಾಸ್ಕು ಹಗುರಾಯಿತು. ಮೂವತ್ತು. ಅಂದು ಕಣ್ಣು ಹೀರಿದ ಜಾಗ... ಏನೂ ಇಲ್ಲ! ಮೂಗುಬಟ್ಟು ಮೆತ್ತನೆಯ ಗೂಡಿನಲ್ಲಿ ಸುಮ್ಮನೆ ಕೂತಿತ್ತು. 'ಯವ್ವಾ, ನೀನೂ ಬಾ ನನ್ನ ಕೂಡ' ಎಂದುಕೊಂಡಳು.

ಐವತ್ತು. ತಟ್ಟೆ. ಮಬ್ಬು ಬೆಳಕಲ್ಲಿ ಬಿಲ್ಲೆಗಳು. ಒಂದು, ನಾಲ್ಕು, ಒಂಬತ್ತು... ಏಳು. ಒಂದೊಂದು ಅಂಕಿಯೂ ಅವನ ಅಂಗಡಿಯ ಬೋರ್ಡಿನ ಅಕ್ಷರದಷ್ಟು ನಿಚ್ಚಳವಾಗಿತ್ತು.

ಮೇಲೆ ದಂಡೆಯಲ್ಲಿದ್ದವನು ಗಡಿಯಾರ ನೋಡುತ್ತಿರಲಿಲ್ಲ. ಅವಳು ಮುಳುಗಿದಾಗಿನಿಂದ ತಾನೂ ಉಸಿರು ಬಿಟ್ಟಿಲ್ಲ ಎಂಬುದು ಅವನಿಗೇ ತಿಳಿದಿರಲಿಲ್ಲ.

ನೀರು ಒಡೆಯಿತು. ಅಪ್ಪನ ತಲೆಯ ಪಕ್ಕದಲ್ಲೇ ಮಗಳ ತಲೆ. ಚಂದ್ರಿ ಉಸಿರೆಳೆದು ಮಾಸ್ಕು ತೆಗೆದಳು. ಬೆರಳು ಸುತ್ತಿ ತೋರಿಸಿದಳು. "ಆರಾಮ ಅದೀನಿ," ಎಂದಳು. ಆಮೇಲೆ ಕೈ ಎತ್ತಿ ಬಿಲ್ಲೆ ಹಿಡಿದಳು. ಏಳು!

ಎರಡೂ ಕಣ್ಣು ಬೆಳ್ಳಗೆ, ಹಾಲಿನಷ್ಟು ಬೆಳ್ಳಗೆ.

ಫೋನಿನಲ್ಲಿ ಬಿಳಿ ಕಾರ್ಡು ಎತ್ತಿದರು. "ಒಪ್ಪಿದೆ. ಸೀಟು ನಿಮ್ಮದು. ಮುಂದಿನ ತಿಂಗಳು ಒಂದನೇ ತಾರೀಖಿಗೆ ಬನ್ನಿ."

ಹ್ಞಾಂ ಎನ್ನುವಷ್ಟರಲ್ಲಿ ಹೀರಾಬಿ ಟ್ಯೂಬಿನಲ್ಲೇ ಕುಣಿದು ಒಂದು ಗುಟುಕು ನೀರು ಕುಡಿದಳು. "ಶಾಬಾಸ್ ಬೇಟಿ!" ಗದ್ದೆಪ್ಪ ಮುಖ ತೊಳೆದುಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡ.

ಅಮೋಘಸಿದ್ದ ನಕ್ಕ. ನಗು ತುಟಿಯಲ್ಲೇ ಉಳಿಯಿತು. ಮುಂದಿನ ತಿಂಗಳು. ಸಮುದ್ರದ ಕಡೆ. ಒಂದು ವರ್ಷ.

ಚಂದ್ರಿ ಈಜಿ ಅವನ ಕಲ್ಲಿನ ಹತ್ತಿರ ಬಂದಳು. "ಯಾಕ್ರಿ, ಮುಖ ಹಿಂಗ?"

ಅವನು ಚೀಲದಿಂದ ಆ ಅಗಲ ಗಾಜಿನ ಮಾಸ್ಕು ತೆಗೆದು ಹಾಕಿಕೊಂಡ. ಈ ಸಲ ಬೆಂಡು ಇಲ್ಲ, ಹಗ್ಗ ಇಲ್ಲ. ಕಲ್ಲು ಹಿಡಿದು ಎದೆಯುದ್ದ ನೀರಿಗೆ ಇಳಿದು, ಕಣ್ಣು ಮುಚ್ಚಿ, ತಲೆ ಪೂರ್ತಿ ಮುಳುಗಿಸಿದ.

"ಅರೆ, ಅರೆ, ಇವನಿಗೇನಾತು?" ಎಂದಳು ಹೀರಾಬಿ.

ಐದು ಸೆಕೆಂಡಿಗೆ ಎದ್ದು ಬಂದ. ಮಾಸ್ಕು ತೆಗೆದ. ಅವಳಂತೆಯೇ ಬೆರಳು ಸುತ್ತಿ ತೋರಿಸಿದ.

"ಆರಾಮ ಅದೀನಿ."

ಚಂದ್ರಿಗೆ ನಗುವೂ ಬಂತು, ಅಳುವೂ ಬಂತು. "ಹದಿನೈದು ಸೆಕೆಂಡ್ ಇನ್ನೂ ಮುಗಿದಿಲ್ರಿ. ಮತ್ತೇನರ ಹೇಳೋದದೇನು?"

"ಅದ." ಅವನು ಮುಖದ ನೀರು ಒರೆಸಿಕೊಂಡ. "ನೀ ಹೋಗು. ಒಂದು ವರ್ಷ ಅಲ್ಲ, ಎಷ್ಟು ಬೇಕಾದಷ್ಟು ಆಳಕ್ಕ ಹೋಗು. ಬ್ಯಾಡ ಅನ್ನಂಗಿಲ್ಲ. ಮ್ಯಾಲ ಬಂದಾಗ ದಂಡ್ಯಾಗ ನಾ ಇರ್ತೀನಿ. ಸಮುದ್ರದ ಊರಾಗೂ ಕಣ್ಣು ಕಾಣಲಾರದ ಮಂದಿ ಇರ್ತಾರಲ್ಲ, ಅಲ್ಲೇ ಅಂಗಡಿ ಹಾಕ್ತೀನಿ. ಕಣ್ಣಿಗೂ ಮೂಗಿಗೂ ಒಂದ ಮನಿ ಬೇಕಂತ ಅಂದಿದ್ನಲ್ಲ ಚಂದ್ರಿ..."

ಮೊದಲ ಸಲ 'ನೀವು' ಹೋಗಿ 'ನೀ' ಆಗಿತ್ತು.

"...ನನಗೂ ನಿನಗೂ ಅಷ್ಟ ಬೇಕಾಗ್ಯದ."

ಚಂದ್ರಿ ಅಲುಗಲಿಲ್ಲ. ಎದೆ ಏರಲಿಲ್ಲ, ಇಳಿಯಲಿಲ್ಲ. ಕಣ್ಣು ಮಾತ್ರ ಪಿಳಿಪಿಳಿ.

ಹತ್ತು ಸೆಕೆಂಡ್. ಇಪ್ಪತ್ತು.

"ಯವ್ವಾ," ಎಂದ ಗದ್ದೆಪ್ಪ ಆ ಕಡೆ ಮುಖ ತಿರುಗಿಸಿಕೊಂಡೇ, "ಏನರ ಅಂದುಬಿಡು. ಹುಡುಗ ಥಂಡ್ಯಾಗ ನಿಂತಾನ."

ಅಮೋಘಸಿದ್ದ ಅವಳ ಹತ್ತಿರ ಬಾಗಿದ. ಒಂದು ಗೇಣಿನಷ್ಟು ಹತ್ತಿರ.

"ಉಸಿರು ಬಿಡು ಚಂದ್ರಿ."

ಅವಳು ಬಿಟ್ಟಳು. ಆ ಉಸಿರಿನ ಜೊತೆಗೇ ಬಂತು, ಅವನು ಕಾದಿದ್ದ ಒಂದೇ ಮಾತು.

"ಹೂಂ."